ಸ್ನಾಯುವಿನ ನಾರಿನ ಬಗೆ ನೋಡಿ ವ್ಯಾಯಾಮ ರೂಪಿಸಬಹುದೇ?

ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರದ 80% ತೆಗೆದುಕೊಂಡು ಎಷ್ಟು ರೆಪ್ಸ್ (ನಿಲ್ಲಿಸದೆ ಎಷ್ಟು ಸಲ ಎತ್ತುವುದು) ಆಗುತ್ತದೆ ಎಂದು ಎಣಿಸುವುದು. ಕಡಿಮೆಯಾದರೆ ವೇಗದ ನಾರು (ಬೇಗ ಸಂಕುಚಿಸಿ ಬೇಗ ದಣಿಯುವುದು) ಹೆಚ್ಚು, ಜಾಸ್ತಿಯಾದರೆ ನಿಧಾನದ ನಾರು (ನಿಧಾನವಾಗಿ ಸಂಕುಚಿಸಿ ತಡವಾಗಿ ದಣಿಯುವುದು) ಹೆಚ್ಚು ಎನ್ನುವುದು. ಈ ಪರೀಕ್ಷೆ ನಂಬಬಹುದೇ ಎಂದು ಕೇಳಿದ್ದೀರಿ.

ನಾರಿನ ಬಗೆ ತಿಳಿಯಲು ಇದನ್ನು ನಂಬಬೇಡಿ. ರೆಪ್ಸ್ ಸಂಖ್ಯೆ ನಿಮ್ಮ ಅಭ್ಯಾಸ, ಹಿಂದಿನ ದಿನದ ದಣಿವು, ಸ್ನಾಯುವಿನ ಉರಿ ತಡೆದುಕೊಳ್ಳುವ ಶಕ್ತಿ ಎಲ್ಲವನ್ನೂ ಅವಲಂಬಿಸಿದೆ. ವ್ಯಾಯಾಮ ಬದಲಾದರೂ ಲೆಕ್ಕ ಬದಲಾಗುತ್ತದೆ: ಅದೇ 80%ರಲ್ಲಿ ಲೆಗ್ ಪ್ರೆಸ್ ಸಾಮಾನ್ಯವಾಗಿ ಬೈಸೆಪ್ಸ್ ಕರ್ಲ್‌ಗಿಂತ ಹೆಚ್ಚು ಸಲ ಆಗುತ್ತದೆ.

ನೇರವಾಗಿ ನೋಡುವ ದಾರಿ ಬಯಾಪ್ಸಿ. ಸಾಮಾನ್ಯವಾಗಿ ತೊಡೆಯ ಹೊರಬದಿಯ ಸ್ನಾಯುವಿಗೆ ಮರಗಟ್ಟುವ ಮದ್ದು ಕೊಟ್ಟು, ದಪ್ಪ ಸೂಜಿಯಿಂದ ಚೂರು ತೆಗೆದು, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನಾರುಗಳನ್ನು ಎಣಿಸುತ್ತಾರೆ. ಅದೂ ಆ ಚೂರಿನ ಸುದ್ದಿಯಷ್ಟೇ. ಒಂದೇ ಸ್ನಾಯುವಿನ ಇನ್ನೊಂದು ಜಾಗದಲ್ಲಿ ಪ್ರಮಾಣ ಬೇರೆ ಇರಬಹುದು, ತೊಡೆ ನೋಡಿ ಭುಜದ ಬಗ್ಗೆ ಹೇಳಲಾಗದು. ಮೀನಖಂಡದ ಒಳಗಿರುವ ಸೋಲಿಯಸ್ ಅಂತೂ ಹೆಚ್ಚಿನವರಲ್ಲಿ ಬಹುಪಾಲು ನಿಧಾನದ ನಾರೇ. ಜಿಮ್‌ಗೆಂದು ಈ ನೋವು ಯಾರಿಗೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಷ್ಟಕ್ಕೂ ಫಲಿತಾಂಶ ಸಿಕ್ಕರೂ ಯೋಜನೆ ಹೆಚ್ಚು ಬದಲಾಗುವುದಿಲ್ಲ. ಸ್ನಾಯು ಬೆಳೆಯಲು ಗರಿಷ್ಠದ 30% ಭಾರವೂ ಸಾಕು, ಆದರೆ ಇನ್ನೊಂದು ರೆಪ್ ಆಗದು ಎನ್ನುವ ಹಂತದ ಹತ್ತಿರಕ್ಕೆ ಹೋಗಬೇಕು. ಬಲವೇ ಗುರಿಯಾದರೆ, ನಾರು ಯಾವುದಿದ್ದರೂ ಹೆಚ್ಚು ಭಾರ ಎತ್ತಲೇಬೇಕು.

80%ರ ಎಣಿಕೆಯನ್ನು ಬೇರೆ ಕೆಲಸಕ್ಕೆ, ಅಂದರೆ ಯಾವ ವ್ಯಾಯಾಮಕ್ಕೆ ಎಷ್ಟು ರೆಪ್ಸ್ ಎಂದು ಗೊತ್ತುಮಾಡಲು ಬಳಸಿ. ಸ್ಕ್ವಾಟ್‌ನಲ್ಲಿ 12, ಬೆಂಚ್ ಪ್ರೆಸ್‌ನಲ್ಲಿ 7 ಬಂದರೆ ಎರಡಕ್ಕೂ 8 ರೆಪ್ಸ್ ಎಂದು ಬರೆದುಕೊಳ್ಳಬೇಡಿ. ಒಂದು ಸುಲಭವಾಗುತ್ತದೆ, ಇನ್ನೊಂದು ಆಗುವುದೇ ಇಲ್ಲ. ಹೊಸಬರಾದರೆ ಗರಿಷ್ಠ ಭಾರ ಪರೀಕ್ಷಿಸುವ ಮೊದಲು ಕೆಲವು ತಿಂಗಳು ಎತ್ತುವ ಭಂಗಿ ಸರಿಮಾಡಿಕೊಳ್ಳಿ.