ಬಂದೂಕು ಬಂಡುಕೋರರ ಕೈಯಲ್ಲಿ, ಹೊಣೆ ಯಾರ ತಲೆಗೆ?

ಪ್ರಶ್ನೆ: ಪೂರ್ವ ಕಾಂಗೊದಲ್ಲಿ ಸರ್ಕಾರದ ಮಾತು ನಡೆಯದ ಕಡೆಯೆಲ್ಲ ಸಶಸ್ತ್ರ ಗುಂಪುಗಳದ್ದೇ ಕಾರುಬಾರು. ಅವು ಮಾಡುವ ಅನಾಹುತಕ್ಕೆ ಹೊಣೆ ಕಾಂಗೊ ಸರ್ಕಾರವೊ, ಹಿಂದೆ ನಿಂತು ಶಸ್ತ್ರ ಕೊಡುವ ನೆರೆಯವರೊ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತನ್ನ ನೆಲದಲ್ಲಿ ನಡೆಯಿತು ಎಂಬ ಒಂದೇ ಕಾರಣಕ್ಕೆ ಯಾವ ದೇಶವೂ ಹೊಣೆಯಾಗದು. ತಿಳಿದೂ ತಿಳಿದೂ ತನ್ನ ನೆಲವನ್ನು ಬೇರೆ ದೇಶದ ಕೇಡಿಗೆ ಬಿಟ್ಟುಕೊಡಬಾರದು ಎಂಬುದು 1949ರ ಕಾರ್ಫು ಜಲಸಂಧಿ ತೀರ್ಪಿನಿಂದ ಬಂದ ನಿಯಮ. ಹಾಗಾಗಿ ಮೊದಲು ನೋಡುವುದು ಸರ್ಕಾರಕ್ಕೆ ಗೊತ್ತಿತ್ತೆ, ತಡೆಯುವ ಶಕ್ತಿ ಇತ್ತೆ ಎಂಬುದನ್ನು. ತನ್ನ ನೆಲಕ್ಕೆ ಸೈನ್ಯ ನುಗ್ಗಿಸಿದ ಉಗಾಂಡದ ಮೇಲೆ ಕಾಂಗೊ 1999ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದಾಗ, ‘ನಮ್ಮ ಬಂಡುಕೋರರನ್ನು ನೀವು ಸಾಕಿದಿರಿ’ ಎಂದು ಉಗಾಂಡ ಪ್ರತಿದೂರು ಹೂಡಿತು. 2005ರ ತೀರ್ಪಿನಲ್ಲಿ ಅದು ನಿಲ್ಲಲಿಲ್ಲ. ಗಡಿಯ ಗುಡ್ಡಗಾಡು ರಾಜಧಾನಿಯಿಂದ ಬಹುದೂರ; ಅಧ್ಯಕ್ಷ ಮೊಬುಟು ಕಾಲದಲ್ಲಿ ಅಲ್ಲಿ ಆಡಳಿತವೇ ಇರಲಿಲ್ಲವೆನ್ನಬಹುದು. ಕ್ರಮ ಕೈಗೊಳ್ಳದಿದ್ದುದನ್ನು ಸಮ್ಮತಿ ಎಂದು ಎಣಿಸಲಾಗದು ಎಂದಿತು ನ್ಯಾಯಾಲಯ.

ನೆರೆಯ ದೇಶವನ್ನು ಹಿಡಿಯುವುದು ಇನ್ನೂ ಕಷ್ಟ. ಅಮೆರಿಕ ಬೆಂಬಲಿಸಿದ ಬಂಡುಕೋರರ ಕುರಿತ 1986ರ ನಿಕರಾಗುವ ತೀರ್ಪಿನ ಪ್ರಕಾರ ಹಣ, ಶಸ್ತ್ರ, ತರಬೇತಿ ಕೊಟ್ಟದ್ದು ಸಾಬೀತಾದರೆ ಸಾಲದು; ಆ ನಿರ್ದಿಷ್ಟ ಕಾರ್ಯಾಚರಣೆಯ ಹಿಡಿತವೇ ಅದರ ಕೈಯಲ್ಲಿತ್ತೆಂದು ತೋರಿಸಬೇಕು. ದೂರುಗಳು ಮುಗ್ಗರಿಸುವುದು ಇಲ್ಲೇ. ಬೆಂಬಾ ನಾಯಕತ್ವದ ಎಂಎಲ್‌ಸಿ ಎಂಬ ಕಾಂಗೊ ಬಂಡುಕೋರ ಗುಂಪಿಗೆ ನೆರವು ಕೊಟ್ಟದ್ದನ್ನು ಉಗಾಂಡವೇ ಒಪ್ಪಿಕೊಂಡಿತ್ತು. ಆದರೂ ಆ ಗುಂಪಿನ ಕೃತ್ಯಗಳು ಉಗಾಂಡದ ಲೆಕ್ಕಕ್ಕೆ ಬರಲಿಲ್ಲ. ನೆರವು ಕೊಟ್ಟದ್ದು ಪರರ ಆಂತರಿಕ ವಿಷಯದಲ್ಲಿ ಕೈಹಾಕಿದ ಬೇರೆಯದೇ ತಪ್ಪೆಂದು ದಾಖಲಾಯಿತು.

ಕಾಂಗೊದ ಈಶಾನ್ಯದ ಇಟುರಿ ಜಿಲ್ಲೆಯಲ್ಲಿ ಮಾತ್ರ ಆಟ ತಿರುಗಿತು. ಉಗಾಂಡದ ಸೇನಾಧಿಕಾರಿ 1999ರ ಜೂನ್‌ನಲ್ಲಿ ಅಲ್ಲಿಗೊಬ್ಬ ಗವರ್ನರ್‌ ಅವರನ್ನೇ ನೇಮಿಸಿದ್ದರು. ಅಂದರೆ ಉಗಾಂಡ ಆ ನೆಲವನ್ನು ಆಕ್ರಮಿಸಿ ಆಳುತ್ತಿದ್ದ ದೇಶ. ಹಾಗಿದ್ದ ಮೇಲೆ ಗುಂಪುಗಳು ಅದರ ಹಿಡಿತದಲ್ಲಿದ್ದವೆಂದು ತೋರಿಸುವ ಗೊಡವೆಯೇ ಇಲ್ಲ. ಅವು ಜನರನ್ನು ಕೊಲ್ಲುವಾಗ ತಡೆಯಲಿಲ್ಲವೆಂಬುದೇ ಸಾಕು. ಇಂಥ ಮೊಕದ್ದಮೆಗಳಲ್ಲಿ ಆ ಒಂದು ನೇಮಕಾತಿ ಪತ್ರ ನೂರು ಬಂದೂಕುಗಳಿಗಿಂತ ದೊಡ್ಡ ಸಾಕ್ಷಿ ಎಂಬುದು ನಮ್ಮ ಅಭಿಪ್ರಾಯ.

ಪರಿಹಾರದ ಹಂತದಲ್ಲಿ ಕಾಂಗೊ ಎಡವಿತು. 1,100 ಕೋಟಿ ಡಾಲರ್‌ಗೂ ಮಿಕ್ಕಿ ಕೇಳಿತು, 1,80,000 ನಾಗರಿಕರು ಸತ್ತರೆಂದಿತು. ಅಷ್ಟಕ್ಕೆ ತಕ್ಕ ಮರಣಪತ್ರ, ಆಸ್ಪತ್ರೆ ದಾಖಲೆ ಒದಗಿಸಲಾಗಲಿಲ್ಲ. ನ್ಯಾಯಾಲಯ ಸಾವುಗಳನ್ನು 10,000ದಿಂದ 15,000 ಎಂದು ಅಂದಾಜಿಸಿ, 2022ರ ಫೆಬ್ರುವರಿಯಲ್ಲಿ 32.5 ಕೋಟಿ ಡಾಲರ್ ಗೊತ್ತುಮಾಡಿತು: ಜೀವಹಾನಿ, ಗಾಯ, ಸ್ಥಳಾಂತರ ಮುಂತಾದವಕ್ಕೆ 22.5 ಕೋಟಿ, ಆಸ್ತಿಗೆ 4 ಕೋಟಿ, ಚಿನ್ನ ಮುಂತಾದ ನೈಸರ್ಗಿಕ ಸಂಪತ್ತಿಗೆ 6 ಕೋಟಿ. ವರ್ಷಕ್ಕೆ 6.5 ಕೋಟಿಯಂತೆ ಐದು ಕಂತು.

ಪ್ರಶ್ನೆ: ದುರ್ಬಲ ದೇಶದ ಕೈಲಾಗದಿದ್ದರೆ, ಪೆಟ್ಟು ತಿಂದ ನೆರೆಯ ದೇಶ ಸೈನ್ಯ ನುಗ್ಗಿಸಬಹುದೆ?
– ಓದುಗರು, ಹುಬ್ಬಳ್ಳಿ

ಉತ್ತರ: ಇದಕ್ಕೆ ಮೇಲೆ ಹೇಳಿದ 2005ರ ತೀರ್ಪು ಪೂರ್ತಿ ಉತ್ತರ ಕೊಡಲಿಲ್ಲ. ಉಗಾಂಡದ ಮೇಲಿನ ದಾಳಿಗಳು ಕಾಂಗೊ ಸರ್ಕಾರದವಲ್ಲವಾದ್ದರಿಂದ ಆತ್ಮರಕ್ಷಣೆಯ ವಾದ ಬಿತ್ತು. ಗಡಿಯಿಂದ ನೂರಾರು ಕಿಲೋಮೀಟರ್ ಒಳಗಿನ ವಿಮಾನ ನಿಲ್ದಾಣ, ಪಟ್ಟಣ ಹಿಡಿಯುವುದು ಆತ್ಮರಕ್ಷಣೆಯ ಅಳತೆಯದಲ್ಲ ಎಂಬ ಮಾತೂ ಬಂತು. ಸರ್ಕಾರದ ಹಂಗಿಲ್ಲದ ಗುಂಪು ದೊಡ್ಡ ಪ್ರಮಾಣದಲ್ಲಿ ದಾಳಿ ಮಾಡಿದರೆ ಏನು ಎಂಬುದನ್ನು ಹಾಗೇ ಬಿಟ್ಟರು. ಅಂಥಲ್ಲಿ ಪೆಟ್ಟು ತಿಂದ ದೇಶಕ್ಕೆ ತಿರುಗಿಬೀಳುವ ಹಕ್ಕಿರಬೇಕೆಂದು ನ್ಯಾಯಮೂರ್ತಿ ಕೊಯ್‌ಮನ್ಸ್ ಪ್ರತ್ಯೇಕವಾಗಿ ಬರೆದರು.

ಪ್ರಶ್ನೆ: ಪೂರ್ವ ಕಾಂಗೊದ ಬಂಡುಕೋರ ಗುಂಪಾದ ಎಂ23ಗೆ ನೆರವು ಕೊಡುವ ವಿಚಾರದಲ್ಲಿ ರುವಾಂಡವನ್ನೂ ಹೀಗೇ ಹೇಗ್‌ಗೆ ಎಳೆಯಬಹುದಲ್ಲ?
– ಓದುಗರು, ಮಂಗಳೂರು

ಉತ್ತರ: ಎಳೆದರೂ ದಾವೆ ನಿಲ್ಲುವುದು ಕಷ್ಟ. ಹಿಂದಿನ ಯುದ್ಧದ ಬಗ್ಗೆ ಕಾಂಗೊ ಹೂಡಿದ ದಾವೆ 2006ರಲ್ಲಿ ಬಾಗಿಲಲ್ಲೇ ವಾಪಸಾಯಿತು. ರುವಾಂಡ ಆ ನ್ಯಾಯಾಲಯದ ಅಧಿಕಾರವನ್ನು ಒಪ್ಪಿರಲಿಲ್ಲ. 2025ರಲ್ಲಿ ಎಂ23 ಪೂರ್ವ ಕಾಂಗೊದ ಗೋಮಾ, ಬುಕಾವು ನಗರಗಳನ್ನು ಹಿಡಿದಾಗ ಭದ್ರತಾ ಮಂಡಳಿಯ 2773ನೇ ನಿರ್ಣಯ ರುವಾಂಡ ಸೇನೆಗೆ ‘ನೆರವು ನಿಲ್ಲಿಸಿ, ವಾಪಸಾಗಿ’ ಎಂದಿತು. ಅದು ರಾಜಕೀಯ ಒತ್ತಡ, ಪರಿಹಾರದ ಹಣ ಅದರಿಂದ ಹುಟ್ಟದು.

ಪ್ರಶ್ನೆ: ಎಂ23 ವಿರುದ್ಧ ಸರ್ಕಾರದ ಪರ ಕಾದಾಡುವ ‘ವಜಾಲೆಂಡೊ’ ಎಂಬ ಸ್ಥಳೀಯ ಸಶಸ್ತ್ರ ಗುಂಪುಗಳಿಗೆ ಯಾರು ಹೊಣೆ?
– ಅದೇ ಓದುಗರು

ಉತ್ತರ: ಇಲ್ಲಿ ಕಾಂಗೊ ಸರ್ಕಾರಕ್ಕೆ ‘ಕೈಲಾಗದು’ ಎಂಬ ರಕ್ಷಣೆ ಸಿಗದು. ಸೇನೆಯ ನಿರ್ದೇಶನದಂತೆ ನಡೆದ ಗುಂಪಿನ ಕೃತ್ಯ ಸರ್ಕಾರದ್ದೇ. ಕಾನೂನುಬದ್ಧ ಮೀಸಲು ಪಡೆಯಾಗಿ ಸೇರಿಸಿಕೊಂಡವರಾದರೆ, ಆಜ್ಞೆ ಮೀರಿ ಲೂಟಿ ಮಾಡಿದರೂ ಹೊಣೆ ಅದಕ್ಕೇ.