ಚಿಕ್ಕಮ್ಮನ ನುಡಿನಮನದಲ್ಲಿ ಅವರ ಅಂಗವೈಕಲ್ಯದ ಮಾತು ಎತ್ತಬೇಕೇ, ಬಿಡಬೇಕೇ?

ಜೀವನಪೂರ್ತಿ ಅಂಗವಿಕಲರಾಗಿದ್ದೂ ಒಬ್ಬರೇ ದುಡಿದು ಬಾಳಿದ ಚಿಕ್ಕಮ್ಮನ ಬಗ್ಗೆ ಏನು ಮಾತನಾಡಲಿ ಎಂದು ಕೇಳಿದ್ದೀರಿ. ಭಾಷಣದ ಚಿಂತೆ ಆಮೇಲಾಯಿತು. ಸಭೆ ಎಲ್ಲಿ ಇಟ್ಟುಕೊಂಡಿದ್ದೀರಿ? ನೆಲಮಹಡಿಯಲ್ಲೋ, ಮೇಲೋ?

ನಮ್ಮ ಸೋದರತ್ತೆ ಹುಬ್ಬಳ್ಳಿಯಲ್ಲಿದ್ದವರು. ಮಗುವಾಗಿದ್ದಾಗಲೇ ಪೋಲಿಯೊ ಎರಡೂ ಕಾಲುಗಳನ್ನು ಹಿಡಿದಿತ್ತು. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಗುವ ಹೊತ್ತಿಗೆ ಅವರು ಅಂಗಡಿ ಇಟ್ಟುಕೊಂಡ ಹೆಂಗಸು. ಹನಿ ಹಾಕುವ ಭಾನುವಾರ ಓಣಿಯ ತಾಯಂದಿರನ್ನೆಲ್ಲ ಗದರಿಸಿ ಕಳಿಸುವುದು ಅವರದೇ ಕೆಲಸವಾಗಿತ್ತು.

ಎಸ್‌ಟಿಡಿ ಬೂತ್ (ಕಾಸು ಕೊಟ್ಟು ದೂರದೂರಿಗೆ ಫೋನ್ ಮಾಡುವ ಅಂಗಡಿ) ಹಂಚುವಾಗ ಅಂಗವಿಕಲರಿಗೆ ಆದ್ಯತೆ ಇದ್ದ ಕಾಲವದು. ಹೆಣ್ಣುಮಗಳು ರಾತ್ರಿಯವರೆಗೆ ಅಂಗಡಿಯಲ್ಲಿ ಕೂರುವುದೇ ಎಂದು ಅಜ್ಜ ಅಡ್ಡಬಂದರು. ಅತ್ತೆ ಕೂತೇ ಕೂತರು. ರಾತ್ರಿ ದರ ಇಳಿಯುತ್ತಲೇ ಗಾಜಿನ ಬಾಗಿಲಿನ ಹೊರಗೆ ಸಾಲು ಹತ್ತುತ್ತಿತ್ತು. ಕೈಯಲ್ಲಿ ಕಾಸಿಲ್ಲದ ಹುಡುಗರು ಮಾತು ಬೆಳೆಸಿದರೆ ಮೀಟರಿನ ಕೆಂಪು ಅಂಕಿಯ ಕಡೆ ಬೆರಳು ತೋರಿಸಿ "ಸಾಕು, ಇಡು" ಎಂದು ಸನ್ನೆ ಮಾಡುತ್ತಿದ್ದರು. ಮೊಬೈಲ್ ಬಂದು ಅಕ್ಕಪಕ್ಕದ ಬೂತ್‌ಗಳು ಮುಚ್ಚುವಷ್ಟರಲ್ಲಿ ಅತ್ತೆಯ ಅಂಗಡಿಯಲ್ಲಿ ಜೆರಾಕ್ಸ್ ಯಂತ್ರ ಬಂದು ಕೂತಿತ್ತು. ನನ್ನ ಡಿಪ್ಲೊಮಾ ಶುಲ್ಕ ಹೋದದ್ದು ಆ ಗಲ್ಲಾಪೆಟ್ಟಿಗೆಯಿಂದಲೇ.

ಮುಂದೆ ಹೊಸ ಯಂತ್ರಕ್ಕೆ ಸಾಲ ಕೇಳಲು ಹೋದಾಗ ಬ್ಯಾಂಕೊಂದರಲ್ಲಿ "ಮನೆಯ ಗಂಡಸರನ್ನು ಕರೆತನ್ನಿ" ಎಂದರಂತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಕಲಮು, ಆಸ್ತಿ ಹೊಂದಲು, ತಮ್ಮ ಹಣಕಾಸು ತಾವೇ ನೋಡಿಕೊಳ್ಳಲು, ಬ್ಯಾಂಕ್ ಸಾಲ ಪಡೆಯಲು ಅಂಗವಿಕಲರಿಗೂ ಇತರರಷ್ಟೇ ಹಕ್ಕಿದೆ ಎನ್ನುತ್ತದೆ. ಅತ್ತೆ ಅದರ ಪ್ರತಿಯನ್ನು ಮೇಜಿನ ಮೇಲಿಟ್ಟು ಕೂತರು. ಸಾಲ ಸಿಕ್ಕಿತು. ಅಂದಿನಿಂದ ಅಂಗವಿಕಲತೆಯ ಪ್ರಮಾಣಪತ್ರ ಜೆರಾಕ್ಸ್ ಮಾಡಿಸಲು ಬಂದವರಿಗೆಲ್ಲ ಆ ಪುಟವೂ ಪುಕ್ಕಟೆ.

ಇಂಥವರ ನುಡಿನಮನವನ್ನು ನಾನು ಮೊದಲ ಮಹಡಿಯಲ್ಲಿ ಏರ್ಪಡಿಸಿದೆ. ಲಿಫ್ಟ್ ಇರಲಿಲ್ಲ.

ಬಾಡಿಗೆ ಕಡಿಮೆ, ಅಡುಗೆಮನೆ ದೊಡ್ಡದು, ಅಕ್ಕನ ನಿಶ್ಚಿತಾರ್ಥವೂ ಅಲ್ಲೇ ಆಗಿತ್ತು. ಕುರ್ಚಿ ಎಣಿಸಿದೆ, ಮೈಕ್ ಪರೀಕ್ಷಿಸಿದೆ, ಹೂವಿನವರಿಗೆ ಮುಂಗಡ ಕೊಟ್ಟೆ. ಮೆಟ್ಟಿಲು ನನ್ನ ಕಣ್ಣಿಗೇ ಬೀಳಲಿಲ್ಲ. ಯಾವ ಮದುವೆ, ಯಾವ ಗೃಹಪ್ರವೇಶವಿದ್ದರೂ ಮೊದಲೇ ಫೋನ್ ಮಾಡಿ ಮೆಟ್ಟಿಲೆಷ್ಟು, ಕಂಬಿ ಇದೆಯೇ ಎಂದು ವಿಚಾರಿಸಿಕೊಳ್ಳುತ್ತಿದ್ದವರು ಅತ್ತೆ. ಆ ನಿಶ್ಚಿತಾರ್ಥಕ್ಕೆ ಅವರೇಕೆ ಬಂದಿರಲಿಲ್ಲ ಎಂಬುದು ನನಗೆ ಹೊಳೆದದ್ದೂ ಆಮೇಲೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನೆಲವೂ ನಿಲ್ದಾಣದ ಕಟ್ಟೆಯೂ ಒಂದೇ ಮಟ್ಟದಲ್ಲಿವೆ ಎಂದು ಅವರು ಬಾರಿ ಬಾರಿ ಹೊಗಳುವುದನ್ನು ಕೇಳಿ ಕೇಳಿ ನಾವು ನಗುತ್ತಿದ್ದೆವು. ಅದು ಬಂದ ಮೇಲೆ ಧಾರವಾಡಕ್ಕೆ ಒಬ್ಬರೇ ಹೋಗಿ ಬರುತ್ತಿದ್ದರು.

ಆ ದಿನ ಅವರ ಗೆಳತಿಯರು ತ್ರಿಚಕ್ರ ಸ್ಕೂಟರುಗಳಲ್ಲಿ ಬಂದರು. ಎತ್ತಿಕೊಂಡು ಹೋಗುತ್ತೇವೆ ಎಂದು ಹುಡುಗರು ಮುಂದಾದರು. "ಬೇಡಪ್ಪ, ನಾವು ಸಾಮಾನಲ್ಲ" ಎಂದು ಹೂವಿನ ಹಾರವನ್ನು ನನ್ನ ಕೈಗೆ ಕೊಟ್ಟು ಹಿರಿಯರೊಬ್ಬರು ಸ್ಕೂಟರ್ ತಿರುಗಿಸಿದರು. ಬೂತ್ ಹಾಕಲು ಅರ್ಜಿ ಬರೆಸಿದ ದಿನದಿಂದ ಅತ್ತೆಯ ಜೊತೆಗಿದ್ದವರು ಅವರು. ಮೇಲೆ ಮೈಕ್ ಹಿಡಿದವರೆಲ್ಲ ನಮ್ಮಂಥ ಬೀಗರು, ನೆಂಟರು. "ಮನೆಯವರು ಕೈಬಿಡದೆ ನೋಡಿಕೊಂಡರು" ಎಂದು ಒಬ್ಬರು ಹೇಳಿದ್ದೇ ಎಲ್ಲರ ಬಾಯಲ್ಲೂ ಬಂತು. ಅಲ್ಲವೆನ್ನಲು ಗೊತ್ತಿದ್ದವರು ಕೆಳಗಿನಿಂದಲೇ ಹೋಗಿಬಿಟ್ಟಿದ್ದರು. ವರ್ಷಾಬ್ದಿಕದ ಕರಪತ್ರದಲ್ಲೂ ಅದೇ ಸಾಲು ಅಚ್ಚಾಗಿದೆ. ಮೊದಲ ವರ್ಷಗಳ ಕತೆ ಕೇಳಲು ಆ ಹಿರಿಯರಿಗೆ ಎಷ್ಟೋ ಸಲ ಫೋನ್ ಮಾಡಿದೆ. ಎತ್ತುವುದಿಲ್ಲ.

ನೀವು ಕೇಳಿದ್ದಕ್ಕೆ ಬರುತ್ತೇನೆ. ಎತ್ತಬೇಕೇ ಬಿಡಬೇಕೇ ಎಂದು ತೂಗುವ ವಿಷಯವೇ ಅಲ್ಲ ಅದು. ಬೆಳಗ್ಗೆ ಕಾಲಿಗೆ ಆಸರೆಯಾಗುವ ಕ್ಯಾಲಿಪರಿನ ಚರ್ಮದ ಪಟ್ಟಿ ಬಿಗಿದು, ಮಂಡಿಯ ಕೀಲನ್ನು ಟಕ್ಕೆಂದು ಕೂಡಿಸಿ, ಗೋಡೆ ಹಿಡಿದು ಎದ್ದರೆ ಅತ್ತೆಯ ದಿನ ಶುರು. ಅದನ್ನು ಮುಚ್ಚಿಟ್ಟು ಅಂಗಡಿಯ ಕತೆ ಹೇಳಲು ನನಗಂತೂ ಬಾರದು. ಹಾಗೆಂದು ಅದನ್ನೇ ಹಾಡಿ ಸಭೆಯನ್ನು ಅಳಿಸಬೇಡಿ. ನನ್ನನ್ನು ಕೇಳಿದರೆ ನೀವು ಮಾತನಾಡುವುದೇ ಬೇಡ. ಚಿಕ್ಕಮ್ಮನ ಜೊತೆ ದುಡಿದವರು, ಅವರ ಹತ್ತಿರ ಜಗಳವಾಡಿದವರು ಇದ್ದೇ ಇರುತ್ತಾರೆ. ಮೈಕ್ ಅವರಿಗೆ ಕೊಡಿ. ಸಭಾಂಗಣಕ್ಕೆ ಇವತ್ತೇ ಹೋಗಿ ಹೊಸ್ತಿಲು ನೋಡಿ, ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಯುತ್ತದೆಯೇ ಎಂದು ಅಳೆದುಕೊಂಡು ಬನ್ನಿ.