ಮಗಳಿಗೇ ಕೂಡಿಸಿದರೆ ಸರ್ಜಾ ಮತ್ತೆ ಹುಟ್ಟುತ್ತಾನೆ ಅಂದುಕೊಂಡಿದ್ದೆ

ನಿಮ್ಮ ಚಾಂಪಿಯನ್ ಮುಧೋಳ ನಾಯಿಗೆ ವಯಸ್ಸಾಗುತ್ತಿದೆ, ಅದರ ಮಗಳಿಗೇ ಕೂಡಿಸಿದರೆ ಅದರಂಥದ್ದೇ ಮರಿ ಸಿಗುತ್ತದಾ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ಕೆಂದಿತು. 2020ರಲ್ಲಿ ನಾನು ಇದನ್ನೇ ಮಾಡಿದೆ. ದಯವಿಟ್ಟು ಮಾಡಬೇಡಿ.

ನನ್ನ ನಾಯಿಯ ಹೆಸರು ಸರ್ಜಾ. ಮುಧೋಳದ ಪಕ್ಕದ ಹಳ್ಳಿ ನಮ್ಮದು. 2014ರ ಮಳೆಗಾಲದಲ್ಲಿ ಹುಟ್ಟಿದವನು. ಹೆಗಲ ಹತ್ತಿರ ಅಳೆದರೆ 28 ಇಂಚು ಎತ್ತರ, ಆಳವಾದ ಎದೆ, ಬೆನ್ನಿಗೆ ಅಂಟಿದಂಥ ಹೊಟ್ಟೆ. ಜೋಳದ ನುಚ್ಚು, ಮಜ್ಜಿಗೆ, ದಿನಕ್ಕೊಂದು ಮೊಟ್ಟೆ, ಇಷ್ಟೇ ಅವನ ಊಟ. ಬೆಳಗ್ಗೆ ಎರೆ ಹೊಲದ ಬದುವಿನ ಮೇಲೆ ನನ್ನ ಸೈಕಲ್‌ಗಿಂತ ಮುಂದೆ ಓಡಿ, ತಿರುಗಿ ನಿಂತು ಕಾಯುತ್ತಿದ್ದ. ಈ ತಳಿಗೆ ಹೊರಗಿನವರು ಮೈ ಮುಟ್ಟಿದರೆ ಆಗುವುದಿಲ್ಲ, ನಿಮಗೂ ಗೊತ್ತಲ್ವಾ. ನಾಯಿಗಳ ಶೋನಲ್ಲಿ ಜಡ್ಜ್ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಬೆನ್ನು ತಡವುತ್ತಾರೆ. ಅದಕ್ಕೇ ಒಂದು ವರ್ಷ ಮನೆಗೆ ಬಂದ ನೆಂಟರ ಕೈಯಲ್ಲೆಲ್ಲ ಅವನ ಹಲ್ಲು ನೋಡಿಸಿದೆ. 2018ರಲ್ಲಿ ಚಾಂಪಿಯನ್ ಆದ. ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಅವನು ಕಾರವಾನ್ ಹೌಂಡ್. ನಮ್ಮ ತಳಿಯನ್ನು ಅವರು ಆ ಹೆಸರಲ್ಲೇ ದಾಖಲಿಸುತ್ತಾರೆ. ಊರಿನವರಿಗೆ ಮಾತ್ರ ಅವನು ನಮ್ಮ ಸರ್ಜಾ. ಟ್ರೋಫಿ ತಂದ ದಿನ ಅವ್ವ ಅವನಿಗೆ ಆರತಿ ಎತ್ತಿದಳು.

2020ರ ಆಗಸ್ಟ್ ಕೊನೆಯಲ್ಲಿ ಪ್ರಧಾನಿ ರೇಡಿಯೋದಲ್ಲಿ ಮುಧೋಳ ನಾಯಿಯ ಮಾತೆತ್ತಿದರು. ಮಾರನೇ ದಿನದಿಂದ ಫೋನೋ ಫೋನು. ಎಲ್ಲರಿಗೂ ಸರ್ಜಾನಂಥ ಮರಿ ಬೇಕು. ಅವನ ಮಗಳು ಗೌರಿ ಆಗ ನಮ್ಮ ಮನೆಯಲ್ಲೇ ಇದ್ದಳು. ಅದೇ ಮುಖ, ಅದೇ ನಡಿಗೆ.

ನಾನು ಹಾಕಿದ ಲೆಕ್ಕ ಇಷ್ಟು. ಗೌರಿಯಲ್ಲಿ ಅರ್ಧ ಸರ್ಜಾ ಇದ್ದಾನೆ. ಅವಳಿಗೆ ಅವನನ್ನೇ ಕೂಡಿಸಿದರೆ ಮರಿಗಳಲ್ಲಿ ಮುಕ್ಕಾಲು ಸರ್ಜಾ ಇರುತ್ತಾನೆ. ಲೆಕ್ಕ ತಪ್ಪಲ್ಲ. ಆದರೆ ಆ ಮುಕ್ಕಾಲಿನಲ್ಲಿ ಏನೇನು ಬರುತ್ತದೆ ಅಂತ ನಾನು ಯೋಚಿಸಲೇ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಪ್ರತಿ ಗುಣಕ್ಕೂ ಜೀನ್‌ಗಳು ಜೋಡಿಯಾಗಿ ಇರುತ್ತವೆ. ತಂದೆಯಿಂದ ಒಂದು, ತಾಯಿಯಿಂದ ಒಂದು. ಎಷ್ಟೋ ಕೆಟ್ಟ ಜೀನ್‌ಗಳು ಒಂಟಿಯಾಗಿದ್ದರೆ ಸುಮ್ನೆ ಮಲಗಿರುತ್ತವೆ. ಜೋಡಿಯಲ್ಲಿರುವ ಒಳ್ಳೆಯದು ಕೆಲಸ ನಡೆಸಿಕೊಂಡು ಹೋಗುತ್ತದೆ. ಎಂಥ ಚಾಂಪಿಯನ್ ಆದರೂ ಅವನೊಳಗೆ ಇಂಥವು ಕೆಲವು ಇದ್ದೇ ಇರುತ್ತವೆ. ಯಾವ ಜಡ್ಜ್ ಕಣ್ಣಿಗೂ ಕಾಣುವುದಿಲ್ಲ. ಮಗಳಿಗೆ ಅವುಗಳಲ್ಲಿ ಸುಮಾರು ಅರ್ಧ ಹೋಗಿರುತ್ತವೆ. ಈಗ ತಂದೆಯನ್ನೇ ಮಗಳಿಗೆ ಕೂಡಿಸಿದರೆ ಅದೇ ಕೆಟ್ಟ ಜೀನ್ ಎರಡೂ ಕಡೆಯಿಂದ ಬಂದು ಮರಿಯಲ್ಲಿ ಜೋಡಿಯಾಗಬಹುದು. ಆಗ ತಡೆಯುವ ಒಳ್ಳೆಯದು ಇರುವುದಿಲ್ಲ. ತಂದೆ ಮಗಳ ಕೂಡಿಕೆಯಲ್ಲಿ ಈ ಲೆಕ್ಕ 25 ಶೇಕಡಾ. ಅಂದರೆ ಮರಿಯ ನೂರು ಜೋಡಿಯಲ್ಲಿ ಸುಮಾರು 25 ಜೋಡಿ ಒಂದೇ ಮೂಲದ ನಕಲು. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದಿಲ್ಲವಾ ಅಂತ ನನ್ನ ಗೆಳೆಯರೇ ವಾದ ಮಾಡಿದ್ದರು. ಅಲ್ಲಿ ಅದು ಹನ್ನೆರಡೂವರೆ. ಇದು ಅದರ ಎರಡರಷ್ಟು. ನಾಯಿಗಳ ಹಳೆಯ ಪೀಳಿಗೆಯಲ್ಲೂ ನಂಟು ಇದ್ದರೆ ಇನ್ನೂ ಜಾಸ್ತಿ.

ಒಳ್ಳೆಯದೂ ಜೋಡಿಯಾಗಬಹುದಲ್ಲ ಅಂತ ಕೇಳುತ್ತೀರಿ. ಆಗಬಹುದು. ಆದರೆ ಓಟ, ಮೈಕಟ್ಟು ಇವೆಲ್ಲ ಒಂದೆರಡು ಜೀನ್‌ನ ಕೆಲಸವಲ್ಲ. ಹತ್ತಾರು ಕೂಡಿ ಬರಬೇಕು. ಮೇಲೆ ಸಾಕುವ ಕೈಯೂ ಬೇಕು. ಎಲ್ಲ ಮೊದಲಿನ ಹಾಗೇ ಕೂಡಿ ಬರುವುದಿಲ್ಲ.

ಗೌರಿ ಆರು ಮರಿ ಹಾಕಿದಳು. ವಾರದೊಳಗೆ ಎರಡು ಹೋದವು. ಉಳಿದ ನಾಲ್ಕು ಎಂಟು ವಾರಕ್ಕೆ ಎಷ್ಟು ಚೆಂದ ಕಂಡವೆಂದರೆ ನಾನು ಅಂಗಳದಲ್ಲಿ ಕೂತು ಅತ್ತುಬಿಟ್ಟೆ. ಒಂದು ಗಂಡಂತೂ ಥೇಟ್ ಸರ್ಜಾ. ಆರು ತಿಂಗಳಾದರೂ ಅದರ ಒಂದು ಬೀಜ ಕೆಳಗೆ ಇಳಿಯಲಿಲ್ಲ. ಹಾಗಿದ್ದರೆ ಶೋ ರಿಂಗಿನಲ್ಲಿ ಅನರ್ಹ, ಸಂತಾನಕ್ಕೂ ಬಳಸಬಾರದು. ಒಂದು ಹೆಣ್ಣಿಗೆ ಕೆಳದವಡೆ ಮುಂದಕ್ಕೆ ಬಂತು. ಉಳಿದೆರಡನ್ನು ಅಷ್ಟರಲ್ಲಿ ಮಾರಿ ಆಗಿತ್ತು. ಇವುಗಳ ದೋಷ ಕಂಡ ಮೇಲೆ ಆ ಇಬ್ಬರಿಗೂ ಫೋನ್ ಮಾಡಿ, ಇವುಗಳಿಂದ ಮರಿ ಮಾಡಿಸಬೇಡಿ ಅಂತ ಹೇಳಿದೆ. ಒಬ್ಬರು ಕೇಳಲಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಬೇರೆ. ಅದೇ ದಿನಗಳಲ್ಲಿ ಜಮಖಂಡಿ ಕಡೆಯವರೊಬ್ಬರು ತಮ್ಮ ಹೆಣ್ಣನ್ನು ಕರೆತಂದಿದ್ದರು. ನಂಟೇ ಇಲ್ಲದ ಪೀಳಿಗೆ, ಕಲ್ಲಿನಂಥ ಪಾದ, ನಾಲ್ಕು ವರ್ಷ. ಸರ್ಜಾ ಗೌರಿಗೇ ಮೀಸಲು ಅಂತ ವಾಪಸ್ ಕಳಿಸಿದೆ. ಬುದ್ಧಿ ಬಂದು ನಾನೇ ಹೋಗಿ ಕೇಳುವಷ್ಟರಲ್ಲಿ ಆ ಹೆಣ್ಣಿಗೆ ಗರ್ಭಕೋಶದ ಸೋಂಕಾಗಿ ಆಪರೇಷನ್ ಮಾಡಿಸಿ ಅದನ್ನೇ ತೆಗೆಸಿದ್ದರು. ಆಮೇಲೆ ಎರಡು ಹೆಣ್ಣುಗಳಿಗೆ ಕೂಡಿಸಿದೆ. ಎರಡಕ್ಕೂ ಗರ್ಭ ಕಟ್ಟಲಿಲ್ಲ. ಸರ್ಜಾನಿಗೆ ಒಂಬತ್ತು ದಾಟಿತ್ತು.

ಹಾಗಾಗಿ ಅಂಥದ್ದೇ ಮರಿ ಬೇಕು ಅನ್ನುವ ಆಸೆಯನ್ನೇ ಬಿಡಿ. ನಿಮ್ಮ ಪ್ರಶ್ನೆಯ ಬುಡವೇ ತಪ್ಪು. ನಾಯಿಯ ವಂಶ ಉಳಿಯುವುದು ಹೊರಗಿನ ಗಟ್ಟಿ ಹೆಣ್ಣಿನಿಂದ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಈ ತಳಿಯನ್ನು ಎತ್ತಿ ನಿಲ್ಲಿಸಿದ್ದು ಸುತ್ತಲಿನ ಬೇಟೆಗಾರರ ನಾಯಿಗಳನ್ನು ನೋಡಿ. ಒಂದೇ ಅರಮನೆ ನಾಯಿಯನ್ನು ನಂಬಿ ಅಲ್ಲ. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿ ಹೋಗಿ ಮಾತಾಡಿ. ನಿಮ್ಮ ನಾಯಿಯ ಪೆಡಿಗ್ರಿಯಲ್ಲಿ, ಅಂದರೆ ವಂಶಾವಳಿಯಲ್ಲಿ, ಬರುವ ಹೆಸರುಗಳು ಹೆಣ್ಣಿನ ಕಡೆ ಕನಿಷ್ಠ ಮೂರು ತಲೆಮಾರು ಬರಬಾರದು. ಕೂಡಿಸುವ ಮೊದಲು ಗಂಡು ಹೆಣ್ಣು ಎರಡಕ್ಕೂ ಬ್ರುಸೆಲ್ಲಾ (ಕೂಡಿದಾಗ ಹರಡಿ ಗರ್ಭ ಕಳೆಯುವ ಸೋಂಕು) ರಕ್ತ ಪರೀಕ್ಷೆ ಮಾಡಿಸಿ. ತಡ ಮಾಡಬೇಡಿ.

2017ರಲ್ಲಿ, ಇನ್ನೂ ಯಾವ ಪಟ್ಟವೂ ಇಲ್ಲದಾಗ, ಕುರಿ ಮೇಯಿಸುತ್ತ ನಮ್ಮ ಹೊಲದಲ್ಲಿ ತಂಗಿದ್ದ ಕಾಕಾ ಒಬ್ಬರ ಹೆಣ್ಣಿಗೆ ಸರ್ಜಾನನ್ನು ಬಿಟ್ಟಿದ್ದೆ. ದುಡ್ಡು ತಗೊಂಡಿರಲಿಲ್ಲ, ಮರೆತೂ ಬಿಟ್ಟಿದ್ದೆ. ಗೌರಿಯ ವಿಷಯ ಹೇಳಿದಾಗ ಅದೇ ಕಾಕಾ ಅಂದರು: "ತಮ್ಮಾ, ಕುರಿ ಹಿಂಡಿನ್ಯಾಗ ಟಗರು ಬದಲ್ ಮಾಡ್ತೀವಿ. ಇಲ್ಲಾಂದ್ರ ಮರಿ ಸಣ್ಣಾಗ್ತಾವ. ನಾಯಿಗೆ ಬ್ಯಾರೆ ಕಾನೂನು ಐತೇನು?"

ಸರ್ಜಾ ಹೋದ ವರ್ಷ ಜನವರಿಯಲ್ಲಿ ತೀರಿಕೊಂಡ. ಬೇವಿನ ಮರದ ಬುಡದಲ್ಲಿ ಮಣ್ಣು ಮಾಡಿದೆವು. ಸುದ್ದಿ ಕೇಳಿ ಬಂದ ಕಾಕಾನ ಜೊತೆ ಅವರ ನಾಯಿಯೂ ಬಂದಿತ್ತು. ಸರ್ಜಾನ ಮೊಮ್ಮಗಳು. ಬಣ್ಣ ಕಪ್ಪು, ಕಿವಿ ಬೇರೆ, ಕಾಗದ ಯಾವುದೂ ಇಲ್ಲ, ರಿಂಗಿಗೆ ಹೋಗುವಂಥದ್ದಲ್ಲ. ಬದುವಿನ ಮೇಲೆ ನಮ್ಮೆಲ್ಲರಿಗಿಂತ ಮುಂದೆ ಓಡಿತು. ಆಮೇಲೆ ತಿರುಗಿ ನಿಂತು ಕಾಯಿತು.